ಕೂಡಿಸುವ ಗುರುತು

ಎರ್ರಿಸ್ವಾಮಿ ಫೋನಿನಲ್ಲಿ ಒಂದೊಂದೇ ಅಕ್ಷರ ಓದಿದ:
ಸೊನ್ನೆ, ಅರ್ಧವಿರಾಮ, ಪಿ, ಅರ್ಧವಿರಾಮ, ಸಿ, ಐದು.
"ಬರಕಂಡ್ಯೇನೇ ಹೊನ್ನೂರಿ?
ಒಂದು ತಪ್ಪಿದ್ರೂ ಬ್ಯಾರೆಯವನ ಕಣ್ಣು ಬರತೈತಿ ನೋಡು."
ಮೆಸೇಜು ಕಳಿಸಬಹುದಿತ್ತು.
ಅವನ ಡೇಟಾ ಮುಗಿದಿತ್ತು, ಬಾಯಿ ಮುಗಿದಿರಲಿಲ್ಲ.
ಕೈಗೆ ಸಿಕ್ಕಿದ್ದು ಸೈಜಿನ ಚೀಟಿ, ಮೂವತ್ತೆರಡು ಸೊಂಟದ್ದು;
ಅದರ ಬೆನ್ನಿಗೆ ಬರೆದುಕೊಂಡೆ
ಚಳಿದೇಶದ ಯಾವನೋ ಹುಡುಗನ ಗುರಿಯನ್ನು.

ಅವನು ಆಡುವುದನ್ನು ನೋಡಿದ್ದೇನೆ.
ಎರಡು ಆಟದ ನಡುವೆ ಬಿಸಿಚೀಲ ಹಿಡಿದು
ಬೆರಳು ಕಾಯಿಸಿಕೊಳ್ಳುತ್ತಾನೆ.
ಇಲ್ಲಿ ಕೌಲ್‌ಬಜಾರಿನ ತಗಡಿನ ಕೋಣೆಯಲ್ಲಿ
ರಾತ್ರಿ ಹತ್ತಕ್ಕೂ ಗೋಡೆ ಮುಟ್ಟಿದರೆ ಚುರ್.
ನಾನು ಅಂಗೈ ಒರೆಸುವುದು ಜೀನ್ಸಿನ ಕತ್ತರಿಚೂರಿಗೆ,
ಒರೆಸಿದಷ್ಟೂ ನೀಲಿ.
ಮೌಸಿನ ಬೆನ್ನು ನೀಲಿ, ನಾಲ್ಕು ಕೀಲಿ ನೀಲಿ,
ಮೊಸರನ್ನದ ತಟ್ಟೆಯ ಅಂಚೂ.

ಅಂಟಿಸಿದೆ.
ನನ್ನ ಹಳೆಯದು ಅಳಿಸಿಹೋಯಿತು:
ದಪ್ಪ, ಹಸಿರು, ನಡುವೆ ಚುಕ್ಕಿ,
ಅವಸರದಲ್ಲಿ ಹಾಕಿದ ಶುಕ್ರವಾರದ ರಂಗೋಲಿ.
ಬಂದದ್ದು ನಾಲ್ಕು ಎಳೆ.
ತಿಳಿನೀಲಿ. ಸೂಜಿ ಚುಚ್ಚಿ ತೆಗೆದ ಮೇಲೆ
ಬಟ್ಟೆಗೆ ಉಳಿಯುವ ನೆನಪಿನಷ್ಟು.
ನಡುವೆ ಏನೂ ಇಲ್ಲ.
ಆ ಏನೂ ಇಲ್ಲದಲ್ಲಿ
ಎದುರಿನವನ ತಲೆ ಬಂದು ಕೂರಬೇಕಂತೆ.

ಮೊದಲ ಸುತ್ತು, ಕಮಾನಿನ ಮೂಲೆ, ಒಂದೇ ಗುಂಡು.
ಬಿದ್ದ!
ಅವನೇ ಮೈದುಂಬಿದ ಹಾಗಾಯಿತು.
ಎರಡನೇ ಸುತ್ತಿಗೆ ದೇವರು ಇಳಿದುಹೋದ.
ಆಕಾಶದೆದುರು ಆ ಗೆರೆ ಕಾಣದು, ನೀರಿನೆದುರು ಕಾಣದು.
ಪಿಂಗು ನೂರಾಮೂವತ್ತು:
ನಾನು ಹೊಡೆಯುವುದು ಅವರಿಗಲ್ಲ,
ಅವರು ಈಗಷ್ಟೇ ನಿಂತಿದ್ದ ಗಾಳಿಗೆ.
ನಾಲ್ಕು ಸಲ, ಏಳು ಸಲ, ಹನ್ನೊಂದು ಸಲ ಸತ್ತೆ.
ತಂಡದವನೊಬ್ಬ ಕೇಳಿದ,
"ಭಾಯ್, ಸೋ ಗಯಾ ಕ್ಯಾ?"
ಮೈಕು ನಾನು ಯಾವತ್ತೂ ತೆರೆಯುವುದಿಲ್ಲ.
ಭಾಯ್ ಆಗಿಯೇ ಸತ್ತೆ, ಹನ್ನೆರಡನೆಯ ಸಲ.

ಹಗಲು ನನ್ನ ಕೆಲಸವೂ ಇದೇ.
ಮಾರ್ಕಿಂಗ್ ಟೇಬಲ್ಲು. ಗುಂಡಿ ಕೂರುವಲ್ಲಿ,
ರಿವೆಟ್ಟು ಬಡಿಯುವಲ್ಲಿ
ಸೀಮೆಸುಣ್ಣದಲ್ಲಿ ಒಂದು ಕೂಡಿಸುವ ಗುರುತು.
ದಿನಕ್ಕೆ ಆರುನೂರು ಸೊಂಟ.
ಪಕ್ಕದಲ್ಲಿ ಸುಂಕಮ್ಮತ್ತೆ. ಅವಳ ಗುರುತು ಗಿಡ್ಡ,
ಬಲಕ್ಕೆ ವಾಲಿದ್ದು; ಎಡಗಣ್ಣಿಗೆ ಪೊರೆ.
ಅವಳ ಗುಂಡಿ ಮಾತ್ರ ನೂಲೆಳೆಯಷ್ಟೂ ಸರಿಯದು.
ಸೇರಿದ ಹೊಸದರಲ್ಲಿ ನಾನೂ ವಾಲಿಸಿಯೇ ಹಾಕಿದ್ದೆ
ಒಂದು ಲಾಟು ಪೂರ್ತಿ,
ವಾಲಿದರೇನೇ ಕೈಗುಣ ಬರುವುದು ಅಂದುಕೊಂಡು.

ನೂರಾನಲವತ್ತು ಪ್ಯಾಂಟಿನ ಗುಂಡಿ ಕಿತ್ತೆವು ಇಬ್ಬರೂ,
ಇಕ್ಕಳ ಹಿಡಿದು, ಕೊನೆಯ ಆಟೋ ಹೋಗುವತನಕ.
ಅವಳು ಬೈಯಲಿಲ್ಲ.
"ನನ್ನ ಕಣ್ಣಿನ ದೋಷ ನಿನಗ್ಯಾಕ ಬೇಕಾತವ್ವಾ?" ಅಂದಳು.
ಆಮೇಲೆ ನಕ್ಕಳು.

ಕರೆಂಟು ಹೋಯಿತು.
ಫ್ಯಾನು ನಿಂತ ಮೇಲೆ ಬೀದಿಯ ಹೊಲಿಗೆ ಯಂತ್ರಗಳ ಸದ್ದೂ
ಒಂದೊಂದಾಗಿ ನಿಂತಿತು.
ಕತ್ತಲಲ್ಲಿ ಕಣ್ಣಿಗಂಟಿದ ಆ ನಾಲ್ಕು ಎಳೆ
ಕಿಟಕಿಯಾಚೆ ಬಂಡೆಗುಡ್ಡದ ಮೇಲೆ ತೇಲಿದವು,
ಕೋಟೆಯ ಗೋಡೆ ಸವರಿ, ಕರಗಿದವು.
ಆ ಹುಡುಗನಿಗೂ ಏನೋ ಒಂದು ಇರಬೇಕು:
ಸಣ್ಣದೊಂದು ಅಂಕು, ಒಂದು ನಡುಕ,
ಅದಕ್ಕೆಂದೇ ಅಷ್ಟು ತೆಳ್ಳಗೆ ಹೊಲಿಸಿಕೊಂಡಿರಬೇಕು.
ಯಾರು ಕೇಳಿದ್ದಾರೆ.

ಕರೆಂಟು ಬಂತು, ಎರ್ರಿಯ ಫೋನೂ.
"ಹೆಂಗೈತಿ?"
"ಚೊಲೋ ಐತಿ. ಸೊಂಟ ಬಿಗಿ, ಉದ್ದ ಜಾಸ್ತಿ."
ಬಣ್ಣ ತೆಗೆದು ಬಿಳಿ ಮಾಡಿದೆ, ಸುಣ್ಣದ ಬಿಳಿ.
ಎಳೆ ಒಂದು ಮಣಿ ದಪ್ಪ.
ಬಲಕ್ಕೆ ತುಸು ವಾಲಿಸಲು ಬರುತ್ತದೇನೋ
ಎಂದು ಎಲ್ಲಾ ಪಟ್ಟಿ ಹುಡುಕಿದೆ. ಇರಲಿಲ್ಲ.
ನಡುವಿನ ಖಾಲಿಯನ್ನು ಹಾಗೇ ಬಿಟ್ಟೆ,
ಅದು ಅವನದು.

ಬಾಗಿಲು ತೆರೆಯಲು ಇನ್ನು ಒಂಬತ್ತು ಸೆಕೆಂಡು.
ಚೂರಿನ ಒಣಗಿದ ಮೂಲೆ ಹುಡುಕಿ
ಅಂಗೈ ಒರೆಸಿಕೊಂಡೆ.